ಕುಂಬಳಕಾಯಿ ಒಡೆಯೋಕೆ ಗಂಡಸೇ ಬೇಕಾ?

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಟ್ರಾಫಿಕ್ಕು... ನೆಪಗಳಿಗೇನು ಬರ ಇಲ್ಲ ಬಿಡಿ. ಆದ್ರೆ ದಸರಾಕ್ಕೆ ಊರಿಗೆ ಹೋಗಿ ಬಂದಾಗಿನಿಂದ ಒಂದು ವಿಷಯ ತಲೆ ಕೊರೀತಾ ಇದೆ. ಬರೆದು ಹೊರಗೆ ಹಾಕದಿದ್ರೆ ಸಮಾಧಾನ ಇಲ್ಲ.

ವಿಷಯ ಏನಪ್ಪಾ ಅಂದ್ರೆ, ಕುಂಬಳಕಾಯಿ.

ನಗಬೇಡಿ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಅಂತ ಗಾದೆ ಇದೆಯಲ್ಲ, ಇದನ್ನ ಓದ್ತಾ ಓದ್ತಾ ನಿಮ್ಮ ಕೈ ಹೆಗಲ ಕಡೆ ಹೋದ್ರೆ ನಾನು ಜವಾಬ್ದಾರ ಅಲ್ಲ. ನನ್ನ ಕೈ ಅಂತೂ ಆಗಲೇ ಹೋಗಿದೆ :-)

ನಮ್ಮೂರು ಹಚ್ಚೊಳ್ಳಿ. ಸಿರುಗುಪ್ಪ ತಾಲೂಕು, ಬಳ್ಳಾರಿ ಜಿಲ್ಲೆ. ತುಂಗಭದ್ರಾ ಕಾಲುವೆ ನೀರು ಬರೋ ಕಡೆ ಕಣ್ಣು ಹಾಯಿಸಿದಷ್ಟೂ ಭತ್ತ. ನೀರು ಹತ್ತದ ಎರೆಹೊಲದಲ್ಲಿ ಜೋಳ, ಹತ್ತಿ, ಮೆಣಸಿನಕಾಯಿ. ಆ ಕಡೆ ದಾಟಿದ್ರೆ ಆಂಧ್ರ. ನಮ್ಮದು ಹಳೇ ಮಾಳಿಗೆ ಮನೆ, ಹಿಂದೆ ಹಿತ್ತಲು, ಹಿತ್ತಲ ಮೂಲೇಲಿ ತಿಪ್ಪೆ. ತಿಪ್ಪೆ ಪಕ್ಕ ಒಂದು ಕುಂಬಳದ ಬಳ್ಳಿ ಯಾವಾಗ್ಲೂ ಇರೋದು. ಮುಂಗಾರಿಗೆ ಹಬ್ಬೋಕೆ ಶುರು ಮಾಡಿದ್ರೆ ಗೋಡೆ ಹತ್ತಿ, ಮಾಳಿಗೆ ಹತ್ತಿ, ದಸರಾ ಹೊತ್ತಿಗೆ ಮಾಳಿಗೆ ಮೇಲೆ ಕೆಂಪು ಕುಂಬಳಕಾಯಿಗಳು ಸಾಲಾಗಿ ಬಿಸಿಲು ಕಾಯಿಸ್ತಾ ಕೂತಿರ್ತಿದ್ವು.

ಈ ಸಲ ಹೋದಾಗಲೂ ಮಾಳಿಗೆ ಹತ್ತಿ ನೋಡ್ದೆ. ಆರು ಇದ್ವು. ಒಂದಂತೂ ಏಳೆಂಟು ಕೆಜಿ ತೂಗೋ ಅಂಥದ್ದು.

"ಏನವ್ವಾ, ಇಷ್ಟು ಚಲೋ ಕಾಯಿ ಬಿಟ್ಟಾವ, ಒಂದೂ ಪಲ್ಯ ಮಾಡಿಲ್ಲೇನು?" ಅಂದೆ.

ಅವ್ವ ಅಕ್ಕಿ ಆರಿಸ್ತಾ ಇದ್ದಳು. ತಲೆ ಎತ್ತಲಿಲ್ಲ. "ಒಡಿಯೋರು ಯಾರದಾರಪಾ ಮನ್ಯಾಗ?" ಅಂದಳು.

ಅಷ್ಟೇ. ದೂರು ಹೇಳೋ ದನಿ ಅಲ್ಲ ಅದು. ಗ್ಯಾಸ್ ಖಾಲಿ ಆಗೇತಿ ಅಂತ ಹೇಳ್ತಾರಲ್ಲ, ಹಂಗೆ.

ಸ್ವಲ್ಪ ಕೆದಕಿ ಕೇಳಿದ ಮೇಲೆ ಗೊತ್ತಾಯ್ತು. ಅಪ್ಪ ತೀರಿಕೊಂಡು ಮೂರು ವರ್ಷ. ಮೊದಲ ವರ್ಷ ಪಕ್ಕದ ಮನೆ ಹುಡುಗನ್ನ ಕರೆದು ಒಡೆಸಿದ್ದಳಂತೆ. ಆಮೇಲೆ ಅವನೂ ಸಿರುಗುಪ್ಪದ ಹಾಸ್ಟೆಲಿಗೆ ಹೋದ. ಹೋದ ವರ್ಷ ದಸರಾಕ್ಕೆ ನಾನು ಬರ್ತೀನಿ ಅಂತ ಒಂದು ಕಾಯಿ ಎತ್ತಿಟ್ಟಿದ್ದಳು, ಉಳಿದದ್ದು ಅವರಿವರಿಗೆ ಕೊಟ್ಟಿದ್ದಳು. ನನಗೆ ರಿಲೀಸ್ ಇತ್ತು, ಹೋಗಲಿಲ್ಲ. ದೀಪಾವಳಿಗೂ ಹೋಗಲಿಲ್ಲ. ಸಂಕ್ರಾಂತಿ ಹೊತ್ತಿಗೆ ಅದು ಕೊಳೆತು ನೀರು ಬಿಡ್ತು. ಎತ್ತಿ ತಿಪ್ಪೆಗೆ ಹಾಕಿದಳು. ಈ ವರ್ಷದ ಬಳ್ಳಿ ಹುಟ್ಟಿದ್ದು ಆ ಕೊಳೆತ ಕಾಯಿಯ ಬೀಜದಿಂದಲೇ. ತಾನೇ ಹುಟ್ಟಿ, ತಾನೇ ಹಬ್ಬಿ, ಆರು ಕಾಯಿ ಬಿಟ್ಟಿತ್ತು. ಅದಕ್ಕೆ ಯಾವ ಗಂಡಸೂ ಬೇಕಾಗಿರಲಿಲ್ಲ ನೋಡಿ.

"ಹಂಗಾದ್ರ ನೀನೇ ಒಡಿಬೇಕಿತ್ತವ್ವಾ..."

"ಹೆಣಮಕ್ಕಳು ಇಡೀ ಕಾಯಿಗಿ ಕತ್ತಿ ಹಚ್ಚಬಾರದಪಾ. ಅದರಾಗ ನಾನು..."

ಆ ವಾಕ್ಯ ಅವಳು ಮುಗಿಸಲಿಲ್ಲ. ಮುಗಿಸೋದು ಬೇಕಾಗಿರಲಿಲ್ಲ. ಹೆಂಗಸು ಒಡೀಬಾರದು, ಅದ್ರಲ್ಲೂ ಗಂಡ ಇಲ್ಲದ ಹೆಂಗಸು ಖಂಡಿತ ಒಡೀಬಾರದು.

ಹಳೇ ಮೈಸೂರಿನ ಕಡೆ ಗೆಳೆಯರನ್ನ ಕೇಳಿದೆ, ಅಲ್ಲೂ ಇದೆ. ಮಲೆನಾಡಿನವರನ್ನ ಕೇಳಿದೆ, ಅಲ್ಲೂ ಇದೆಯಂತೆ. ಗೆರೆ ಮಾತ್ರ ಬೇರೆ ಬೇರೆ. ಕೆಲವರಲ್ಲಿ ಮನೆ ಗಂಡಸು ಒಂದು ಏಟು ಹಾಕಿ ಕೊಟ್ರೆ ಸಾಕು, ಮಿಕ್ಕಿದ್ದು ಹೆಂಗಸರು ಹೆಚ್ಚಬಹುದು. ಕೆಲವರಲ್ಲಿ ಬಸುರಿಯರು ಒಡೆಯೋದನ್ನ ನೋಡಲೂಬಾರದು. ಛತ್ತೀಸಗಡದ ಕಡೆ ಕುಂಬಳ ಅಂದ್ರೆ ಹಿರಿಮಗ ಇದ್ದ ಹಾಗೆ, ಹೆತ್ತವಳು ಕತ್ತಿ ಹಾಕಬಾರದು ಅಂತಾರಂತೆ. ಕಾರಣ ಊರಿಗೊಂದು. ಫಲಿತಾಂಶ ಮಾತ್ರ ಎಲ್ಲ ಕಡೆ ಒಂದೇ, ಕತ್ತಿ ಗಂಡಸಿನ ಕೈಯಲ್ಲಿ.

ಈಗ ಹೆಗಲು ಮುಟ್ಟಿ ನೋಡ್ಕೊಳ್ಳೋ ಭಾಗ.

ನನಗಾಗ ಆರು ವರ್ಷ ಇರಬೇಕು. ಅಕ್ಕನಿಗೆ ಹನ್ನೊಂದು. ಆ ವಯಸ್ಸಿಗೇ ಅಕ್ಕ ರೊಟ್ಟಿ ಬಡಿಯೋಕೆ ಕಲಿತಿದ್ದಳು, ಒಲೆ ಹಚ್ಚುತ್ತಿದ್ದಳು, ಈರುಳ್ಳಿ ಹೆಚ್ಚುತ್ತಿದ್ದಳು. ಅಪ್ಪ ಹೊಲಕ್ಕೆ ಹೋಗಿದ್ದ ದಿನ ಕುಂಬಳಕಾಯಿ ಒಡೀಬೇಕು ಅಂದ್ರೆ ಅವ್ವ ಗೋಲಿ ಆಡ್ತಿದ್ದ ನನ್ನನ್ನ ಬೀದಿಯಿಂದ ಕರೆಸ್ತಿದ್ದಳು. ನನ್ನ ಕೈಗೆ ಕತ್ತಿ ಕೊಟ್ಟು, ಮೇಲಿಂದ ತನ್ನ ಕೈ ಇಟ್ಟು, ಒತ್ತುತ್ತಿದ್ದಳು. ಗಮನಿಸಿ, ಒತ್ತುತ್ತಿದ್ದದ್ದು ಅವಳೇ! ಆರು ವರ್ಷದ ಪೋರನಿಗೆ ಕುಂಬಳಕಾಯಿ ಸೀಳೋ ಶಕ್ತಿ ಎಲ್ಲಿಂದ ಬರಬೇಕು? ಬಲ ಅವ್ವಂದು, ಹೆಸರು ನಂದು. ಅಕ್ಕ ಬಾಗಿಲಲ್ಲಿ ನಿಂತು ನೋಡ್ತಿದ್ದಳು. ನಾನು ಕತ್ತಿ ಬಿಸಾಕಿ, ಎದೆ ಉಬ್ಬಿಸ್ಕೊಂಡು ಮತ್ತೆ ಗೋಲಿ ಆಡೋಕೆ. ಸಿಪ್ಪೆ ತೆಗೆಯೋದು, ಹೆಚ್ಚೋದು, ಬೇಯಿಸೋದು, ಬಡಿಸೋದು, ಪಾತ್ರೆ ತಿಕ್ಕೋದು ಎಲ್ಲ ಅಕ್ಕಂದು, ಅವ್ವಂದು.

ಆಗ ನನಗೆ ಅದು ಖುಷಿಯ ವಿಷಯ ಆಗಿತ್ತು. ಮನೇಲಿ ನಾನೊಬ್ಬನೇ ಮಾಡಬಹುದಾದ ಕೆಲಸ ಒಂದಿದೆ ಅನ್ನೋ ಹೆಮ್ಮೆ. ಅಕ್ಕನಿಗೆ ಹೇಗನ್ನಿಸ್ತಿತ್ತು ಅಂತ ಇಪ್ಪತ್ತೆರಡು ವರ್ಷ ನಾನು ಕೇಳಿರಲಿಲ್ಲ. ಈ ಸಲ ಕೇಳ್ದೆ. "ಸಿಟ್ಟು ಬರ್ತಿತ್ತಲೇ. ಮಣಕಾಲುದ್ದ ಇದ್ದಿ ನೀನು" ಅಂತ ನಕ್ಕಳು. ನಗು ಪೂರ್ತಿ ನಗು ಆಗಿರಲಿಲ್ಲ.

ಈಗ ವಾದಕ್ಕೆ ಬರೋಣ. ಯಾರಾದ್ರೂ "ಅನಾದಿ ಕಾಲದಿಂದ ಬಂದ ಸಂಪ್ರದಾಯ" ಅಂತ ಶುರು ಮಾಡೋಕೆ ಮೊದಲೇ ನಾನು ಶುರು ಮಾಡ್ತೀನಿ.

ನಮ್ಮಲ್ಲಿ ಕುಂಬಳ ಅಂತ ಕರೆಯೋದು ಎರಡು ಬೇರೆ ಬೇರೆ ಕಾಯಿಗಳನ್ನ. ಒಂದು ಬೂದುಗುಂಬಳ, ಮೈಮೇಲೆ ಬಿಳಿ ಬೂದಿ ಇರೋದು, ಮಜ್ಜಿಗೆ ಹುಳಿಗೆ, ಮದುವೆ ಮನೆ ಕಾಶಿ ಹಲ್ವಕ್ಕೆ ಬಳಸೋದು. ಅದು ಏಷ್ಯಾದ್ದೇ. ಸಂಸ್ಕೃತದಲ್ಲಿ ಕೂಷ್ಮಾಂಡ ಅಂತಾರೆ. ಪ್ರಾಣಿಬಲಿ ಬದಲು ಕೂಷ್ಮಾಂಡ ಬಲಿ ಕೊಡೋ ಪದ್ಧತಿ ಬಂದದ್ದು ಈ ಕಾಯಿ ಮೇಲೆ. ಬಲಿ ಅಂದ್ರೇನು ಅನ್ನೋದಕ್ಕೆ ನಮ್ಮ ಕಡೆಯವರು ದೂರ ಹೋಗಬೇಕಿಲ್ಲ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಕಾಲದ ಮಹಾನವಮಿ ನೋಡಿ ಬರೆದಿಟ್ಟಿದ್ದಾನೆ. ಕೊನೇ ದಿನ ಒಂದಕ್ಕೇ 250 ಕೋಣ, 4500 ಕುರಿ ಕಡಿದ ಲೆಕ್ಕ ಕೊಡ್ತಾನೆ. ಆ ಕೋಣದ ಜಾಗಕ್ಕೆ ಕುಂಬಳಕಾಯಿ ಬಂದದ್ದು ಒಳ್ಳೇದೇ ಆಯ್ತು ಅಂತಲೇ ಇಟ್ಕೊಳ್ಳಿ. ಕೋಣ ಕಡಿಯೋದು ಗಂಡಸರ ಕೆಲಸ ಆಗಿತ್ತು, ಹಾಗಾಗಿ ಕಾಯಿ ಒಡೆಯೋದೂ ಗಂಡಸರ ಕೆಲಸ ಆಯ್ತು ಅಂತ ತಿಳಿದವರು ವಿವರಿಸ್ತಾರೆ. ಒಪ್ಪೋಣ.

ಆದ್ರೆ ನಮ್ಮ ಮಾಳಿಗೆ ಮೇಲಿದ್ದದ್ದು ಆ ಕಾಯಿ ಅಲ್ಲವೇ ಅಲ್ಲ! ಅದು ಕೆಂಪು ಕುಂಬಳ, ಬೆಂಗಳೂರಿನವರು ಸಿಹಿಗುಂಬಳ ಅಂತಾರೆ, ಮಲೆನಾಡಲ್ಲಿ ಚೀನಿಕಾಯಿ. ಅದರ ಮೂಲ ಅಮೆರಿಕ ಖಂಡ. ಮೆಕ್ಸಿಕೋದ ಒಂದು ಗುಹೆಯಲ್ಲಿ ಸಿಕ್ಕ ಅದರ ದಾಯಾದಿ ಕಾಯಿಯ ಬೀಜಗಳು ಸುಮಾರು 10,000 ವರ್ಷ ಹಳೇವು. ಅಲ್ಲಿನ ಜನ ಅಷ್ಟು ಹಿಂದೆಯೇ ಕುಂಬಳ ಬೆಳೀತಿದ್ರು. ಆದ್ರೆ 1492ರಲ್ಲಿ ಕೊಲಂಬಸ್ ಅಲ್ಲಿಗೆ ಮುಟ್ಟೋ ತನಕ ಆ ಕಾಯಿ ನಮ್ಮ ಕಡೆ ಬರೋಕೆ ದಾರಿಯೇ ಇರಲಿಲ್ಲ. ಅಂದ್ರೆ ನಮ್ಮ ಹಿತ್ತಲಿನ ಈ ಕುಂಬಳಕ್ಕೆ "ಅನಾದಿ ಕಾಲ" ಅಂದ್ರೆ ಹೆಚ್ಚಂದ್ರೆ ಐನೂರು ವರ್ಷ. ಹೆಸರು ಒಂದೇ ಅನ್ನೋ ಕಾರಣಕ್ಕೆ ಬೂದುಗುಂಬಳದ ಬಲಿ ನಿಯಮ ಸಿಹಿಗುಂಬಳದ ಪಲ್ಯಕ್ಕೂ ಅಂಟಿಕೊಂಡಿದೆ. ನಮ್ಮ ಭಾಷೇಲಿ ಹೇಳೋದಾದ್ರೆ ಕಾಪಿ-ಪೇಸ್ಟ್ ಬಗ್. ಯಾವುದೋ ಹಳೇ ಫೈಲಿನ ನಾಲ್ಕು ಸಾಲು ಹೊಸ ಫೈಲಿಗೆ ಬಂದು ಕೂತಿದೆ. ಯಾಕೆ ಇದೆ ಅಂತ ಯಾರಿಗೂ ಗೊತ್ತಿಲ್ಲ, ತೆಗೆದ್ರೆ ಏನಾದ್ರೂ ಒಡೆದುಹೋದೀತು ಅಂತ ಎಲ್ಲರಿಗೂ ಭಯ.

ಹಾಗೆ ನೋಡಿದ್ರೆ ನಾವು "ನಮ್ಮದು ನಮ್ಮದು" ಅಂತ ಎದೆ ತಟ್ಟಿಕೊಳ್ಳೋ ಎಣ್ಣೆಗಾಯಿಯ ಮಸಾಲೆ ಬಿಚ್ಚಿ ನೋಡಿ. ಬದನೆಕಾಯಿ, ಎಳ್ಳು ನಮ್ಮವು. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ ಮೆಕ್ಸಿಕೋ ಕಡೇದು. ಗುರೆಳ್ಳಿನ ತವರು ಇಥಿಯೋಪಿಯಾ. ಜೊತೆಗೆ ತಿನ್ನೋ ಜೋಳದ ರೊಟ್ಟಿಯ ಜೋಳ ಕೂಡ ಆಫ್ರಿಕಾದಿಂದ ಬಂದದ್ದು. ಬೆಂಗಳೂರು ಮಾರ್ಕೆಟ್ಟಿನ ಸೀಮೆಬದನೆ ಹೆಸರಲ್ಲೇ "ಸೀಮೆ" ಇದೆ, ಆದ್ರೆ ತಮಿಳರು ಮತ್ತು ತೆಲುಗರು ಅದನ್ನ "ಬೆಂಗಳೂರು ಬದನೆ" ಅಂತ ಕರೆದು ನಮ್ಮ ತಲೆಗೇ ಕಟ್ಟಿದ್ದಾರೆ :-) ಸಮುದ್ರ ದಾಟಿ ಬಂದ ಇಷ್ಟೆಲ್ಲವನ್ನೂ ಯಾವ ಪಂಚಾಯ್ತಿಯನ್ನೂ ಕೇಳದೆ ಒಳಗೆ ಕರೆದು, ರುಚಿ ನೋಡಿ, ನಮ್ಮದು ಮಾಡಿದವರು ಯಾರು? ನಮ್ಮ ಅಜ್ಜಿಯರು, ಮುತ್ತಜ್ಜಿಯರು. ಅಷ್ಟು ಧೈರ್ಯ ಇದ್ದ ಅಡುಗೆಮನೆಗೆ ಒಂದು ಕಾಯಿ ಒಡೆಯೋಕೆ ಪರ್ಮಿಷನ್ ಇಲ್ಲ ಅಂದ್ರೆ ಏನು ಹೇಳೋದು.

ಇನ್ನೂ ಒಂದು ತಮಾಷೆ. ನವರಾತ್ರಿಯ ನಾಲ್ಕನೇ ದಿನ ಪೂಜೆ ಮಾಡೋ ದುರ್ಗೆಯ ಹೆಸರೇ ಕೂಷ್ಮಾಂಡಾ! ದೇವಿಯ ಹೆಸರಲ್ಲಿ ಕುಂಬಳ ಇರಬಹುದು, ಅವ್ವನ ಕೈಯಲ್ಲಿ ಇರಬಾರದು.

ಗೊತ್ತು, ಕೆಲವರು ಈಗಾಗಲೇ ಉತ್ತರ ಟೈಪ್ ಮಾಡ್ತಾ ಇದ್ದೀರಿ. ಒಂದೊಂದಾಗಿ ನೋಡೋಣ.

"ಕಾಯಿ ಗಟ್ಟಿ ಇರುತ್ತೆ ಮಾರಾಯ, ಅದಕ್ಕೇ ಗಂಡಸರು ಒಡೆಯೋದು." ಹೌದಾ? ಸಿರುಗುಪ್ಪದ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಲ್ಲಿ ಬೆಳಗಿಂದ ಸಂಜೆ ತನಕ ಬೆನ್ನು ಬಾಗಿಸಿ ನಾಟಿ ಹಾಕೋರು ಯಾರು? ಹತ್ತಿ ಬಿಡಿಸೋರು ಯಾರು? ತಲೆ ಮೇಲೆ ಹುಲ್ಲಿನ ಹೊರೆ ಹೊರೋರು ಯಾರು? ನನ್ನ ಅವ್ವ ಸೌದೆ ಸೀಳ್ತಾಳೆ. ಸೌದೆಗಿಂತ ಕುಂಬಳಕಾಯಿ ಗಟ್ಟಿಯಾ? ಅದೂ ಅಲ್ಲದೆ, ಗಟ್ಟಿ ಅನ್ನೋದೇ ಕಾರಣ ಆಗಿದ್ರೆ ಆರು ವರ್ಷದ ನನ್ನನ್ನ ಯಾಕೆ ಕರೆಸ್ತಿದ್ರು ಸ್ವಾಮಿ?

"ಅದು ನಂಬಿಕೆ, ನಂಬಿಕೆಯನ್ನ ಪ್ರಶ್ನೆ ಮಾಡಬಾರದು." ಸರಿ. ಹಾಗಿದ್ರೆ ಬೆಂಗಳೂರಲ್ಲಿ ಏನಾಯ್ತು ಆ ನಂಬಿಕೆ? ಯಾವ ತರಕಾರಿ ಸಂತೆಗೆ ಬೇಕಾದ್ರೂ ಹೋಗಿ. ಸಿಹಿಗುಂಬಳ ಮುಂದಿಟ್ಕೊಂಡು ಕೂತ ಅಜ್ಜಿ ನೀವು ಹೇಳಿದಷ್ಟು ಗ್ರಾಮಿಗೆ ಸರಿಯಾಗಿ ಹೋಳು ಮಾಡಿ ಕೊಡ್ತಾಳೆ. ಸೂಪರ್ ಮಾರ್ಕೆಟ್ಟಲ್ಲಿ ಪ್ಲಾಸ್ಟಿಕ್ ಸುತ್ತಿದ ಹೋಳು ಸಿಗುತ್ತೆ, ಅದನ್ನ ಯಾರು ಕತ್ತರಿಸಿದ್ರು ಅಂತ ಯಾರೂ ಕೇಳಲ್ಲ. ನಗರದ ಹೆಂಗಸರಿಗೆ ಈ ನಿಯಮ ಸದ್ದಿಲ್ಲದೆ ಬಿದ್ದುಹೋಗಿದೆ. ಕಾಲು ಕೆಜಿ ಹೋಳು ಕೊಳ್ಳೋರಿಗೆ ಯಾವ ದೋಷವೂ ಇಲ್ಲ, ತಾನೇ ಬೆಳೆದ ಇಡೀ ಕಾಯಿ ಮನೇಲಿರೋ ಹಳ್ಳಿ ಹೆಂಗಸಿಗೆ ಮಾತ್ರ ದೋಷ. ಎಂಥ ನ್ಯಾಯ!

"ಹೆಂಗಸರೇ ಬೇಡ ಅಂತಾರೆ, ನಾವೇನು ಮಾಡೋಣ?" ಇದು ನನಗೆ ತುಂಬಾ ಪರಿಚಯ ಇರೋ ವಾದ. ಯಾಕಂದ್ರೆ ಮೊದಲು ನನ್ನ ಬಾಯಿಗೆ ಬಂದದ್ದೂ ಇದೇ. ಅವ್ವನೇ ಒಪ್ಪಲ್ಲ ಅಂದ್ಮೇಲೆ ನನ್ನದೇನು ತಪ್ಪು? ಆದ್ರೆ ಯೋಚಿಸಿ. ಐವತ್ತು ವರ್ಷ "ನೀನು ಮುಟ್ಟಿದ್ರೆ ಕೇಡು" ಅಂತ ಹೇಳಿ, ಆಮೇಲೆ "ನೋಡಿ ಅವಳೇ ಮುಟ್ಟಲ್ಲ" ಅನ್ನೋದು ಯಾವ ಸೀಮೆ ವಾದ? ಅವಳು ಮುಟ್ಟಿದ ಮರುದಿನ ಓಣಿಯಲ್ಲಿ ಯಾರ ಮನೆ ಎತ್ತು ಸತ್ರೂ, ಯಾರಿಗೆ ಜ್ವರ ಬಂದ್ರೂ ಬೊಟ್ಟು ಯಾರ ಕಡೆ ತೋರಿಸ್ತಾರೆ ಅನ್ನೋದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು.

"ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಬರೀಬೇಕಾ?" ಈ ಪ್ರಶ್ನೆ ಕೇಳೋರು ಸಾಮಾನ್ಯವಾಗಿ ಕತ್ತಿ ಹಿಡಿದಿರೋ ಪೈಕಿಯವರೇ ಆಗಿರ್ತಾರೆ. ಒಂದು ಸಣ್ಣ ಲೆಕ್ಕ ಹಾಕಿ. ಒಂದು ಹೊತ್ತಿನ ಪಲ್ಯಕ್ಕೋಸ್ಕರ ಒಬ್ಬ ಹೆಂಗಸು ಇನ್ನೊಬ್ಬರ ಬಾಗಿಲಿಗೆ ಹೋಗಿ, "ನಿಮ್ಮ ಹುಡುಗ ಇದ್ರ ಒಂದೀಟು ಕಳಸ್ರಿ" ಅಂತ ಕೇಳಬೇಕು. ಪ್ರತಿ ಸಲ. ಪ್ರತಿ ಸಲವೂ ನಮ್ಮ ಮನೇಲಿ ಗಂಡಸಿಲ್ಲ ಅಂತ ಊರಿಗೆ ನೆನಪು ಮಾಡಿಕೊಡಬೇಕು. ಅದಕ್ಕಿಂತ ಪಲ್ಯ ಬೇಡ ಅಂತ ಸುಮ್ಮನಾಗೋದೇ ವಾಸಿ ಅನ್ನಿಸುತ್ತೆ. ಅವ್ವ ಮಾಡಿದ್ದು ಅದನ್ನೇ. ಕಾಯಿ ಕೊಳೆತದ್ದು ಹಾಗೆ. ಸಣ್ಣ ವಿಷಯವಾ ಇದು?

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಚೈನು ಕಿತ್ತು ಕೊಚ್ಚಿಹೋಯ್ತು. ಇಡೀ ಜಿಲ್ಲೆ ಉಸಿರು ಬಿಗಿ ಹಿಡಿದಿತ್ತು. ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ರು. ಎಪ್ಪತ್ತು ವರ್ಷ ಹಳೇ ಡ್ಯಾಮಿನ ಗೇಟು ಹೋದ್ರೆ ಬದಲಿ ಇದೆ, ನಮ್ಮ ಮನೇಲಿ ಒಬ್ಬ ಗಂಡಸು ಹೋದ್ರೆ ಕುಂಬಳಕಾಯಿ ಒಡೆಯೋಕೆ ಬದಲಿ ಇಲ್ಲ!

ಇನ್ನು ಹಳ್ಳಿಯನ್ನ ಬಯ್ದು ಬೆಂಗಳೂರಿಗೆ ಸರ್ಟಿಫಿಕೇಟ್ ಕೊಡ್ತಾ ಇದ್ದೀನಿ ಅಂದ್ಕೋಬೇಡಿ. ನಾನು ಕೆಲಸ ಮಾಡಿದ ಒಂದು ಆಫೀಸಿನಲ್ಲಿ ಆಯುಧ ಪೂಜೆ ಜೋರಾಗಿ ನಡೀತಿತ್ತು. ಸರ್ವರ್ ರ‍್ಯಾಕಿಗೆ ಕುಂಕುಮ, ಲ್ಯಾಪ್‌ಟಾಪಿಗೆ ಹೂವು. ಕೊನೆಗೆ ಗೇಟಿನ ಮುಂದೆ ಬೂದುಗುಂಬಳದ ಹೊಟ್ಟೆಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ ಸೆಕ್ಯುರಿಟಿ ಅಣ್ಣ ರಪ್ಪಂತ ಒಡೀತಿದ್ರು. ಎಲ್ಲರೂ ಚಪ್ಪಾಳೆ, ಫೋಟೋ, ಸ್ಟೇಟಸ್ಸು. ಹತ್ತು ನಿಮಿಷದ ನಂತರ ಹೌಸ್‌ಕೀಪಿಂಗ್ ಅಮ್ಮಂದಿರು ಇಬ್ಬರು ಬಂದು ಬಗ್ಗಿ ಬಗ್ಗಿ ಅದನ್ನ ಬಳೀತಿದ್ರು. ಒಡೆಯೋಕೆ ಗಂಡಸು, ಬಳಿಯೋಕೆ ಹೆಂಗಸು. ನಮ್ಮ ಸಿನಿಮಾದವರು ಶೂಟಿಂಗ್ ಮುಗಿದ ದಿನ ಕುಂಬಳಕಾಯಿ ಒಡೀತಾರಲ್ಲ, ಆ ಫೋಟೋಗಳನ್ನೂ ಒಮ್ಮೆ ಗಮನಿಸಿ ನೋಡಿ, ಕಾಯಿ ಯಾರ ಕೈಯಲ್ಲಿರುತ್ತೆ ಅಂತ. ಅದೇ ಆಫೀಸಿನಲ್ಲಿ ತಿಂಗಳ ಕೊನೆಗೆ ಹ್ಯಾಲೊವೀನ್ ಅಂತ ಇನ್ನೊಂದು ಕುಂಬಳ ಕೊರೆದು, ಒಳಗೆ ಲೈಟ್ ಇಟ್ಟು, ತಿರುಳು ಕಸದ ಬುಟ್ಟಿಗೆ ಹಾಕ್ತಿದ್ರು. ಪೂರ್ವ ಪಶ್ಚಿಮ ಎರಡೂ ಸೇರಿ ಕುಂಬಳವನ್ನ ತಿನ್ನದೆ ಇರೋದಕ್ಕೆ ಎಷ್ಟು ದಾರಿ ಕಂಡುಹಿಡಿದಿದ್ದೀವಿ!

ಸರಿ, ಬಯ್ದದ್ದು ಸಾಕು. ಏನು ಮಾಡಿದೆ ಅಂತ ಹೇಳ್ತೀನಿ.

ದಸರಾ ಮುಗಿದು ಐದು ದಿನಕ್ಕೆ ಸೀಗಿ ಹುಣ್ಣಿಮೆ. ಮೈತುಂಬಿ ನಿಂತ ಬೆಳೆಯನ್ನ ನೋಡಿ ಭೂತಾಯಿ ಬಸುರಿ ಅಂತ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅವಳಿಗೆ ಉಣಿಸೋ ಹಬ್ಬ. ಮಲೆನಾಡಲ್ಲಿ ಅದೇ ದಿನ ಭೂಮಿ ಹುಣ್ಣಿಮೆ. ನಾನು ಅಲ್ಲಿ ತನಕ ಊರಿಂದಲೇ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್ ಹತ್ರ ಒಪ್ಪಿಗೆ ತಗೊಂಡೆ. ಅಕ್ಕ ಸಿರುಗುಪ್ಪದಿಂದ ಮಕ್ಕಳನ್ನ ಕರ್ಕೊಂಡು ಬಂದಳು. ಮಧ್ಯಾಹ್ನ ಹೊಲ, ಎಳ್ಳು ಹೋಳಿಗೆ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ ಎಲ್ಲ ಆಯ್ತು. ರಾತ್ರಿ ಅಡುಗೆ ನಂದು ಅಂತ ಹೇಳ್ದೆ. ತುಂಬುಗಾಯಿ. ಆದ್ರೆ ಬದನೆ ಅಲ್ಲ, ಇಡೀ ಕುಂಬಳ.

ಇದು ನಮ್ಮಜ್ಜಿ ಕಾಲದ ಅಡುಗೆ ಅಂತ ಸುಳ್ಳು ಹೇಳಲ್ಲ. ಇಡೀ ಕುಂಬಳ ತುಂಬಿ ಬೇಯಿಸೋದನ್ನ ನಾನು ಕಲಿತದ್ದು ಬೆಂಗಳೂರಿನ ರೂಮಿನಲ್ಲಿ, ಯಾರೋ ದೊರೆಸಾನಿಯ ಯೂಟ್ಯೂಬ್ ನೋಡಿ. ಅವಳು ಚೀಸು, ಬ್ರೆಡ್ಡು ತುಂಬಿದ್ದಳು. ನಾನು ಅದರ ಜಾಗಕ್ಕೆ ಎಣ್ಣೆಗಾಯಿ ಮಸಾಲೆ ತಂದೆ, ಅಷ್ಟೇ. ಮೊದಲ ಸಲ ಮಾಡಿದಾಗ ಕಡ್ಲೆಬೇಳೆ ಹಸಿಯಾಗೇ ಹಾಕಿ, ಎಲ್ಲರ ಹಲ್ಲು ಅಲ್ಲಾಡಿಸಿದ್ದೆ.

ಮಾಡೋರಿಗಾಗಿ ಹೇಳ್ತೀನಿ. ಎರಡು ಕೆಜಿ ಒಳಗಿನ ಕಾಯಿ ಆರಿಸಿ, ದೊಡ್ಡದಾದ್ರೆ ಪಾತ್ರೆಗೆ ಹಿಡಿಯಲ್ಲ. ತೊಟ್ಟಿನ ಸುತ್ತ ಕತ್ತಿಯನ್ನ ಓರೆಯಾಗಿ ಹಿಡಿದು ಮುಚ್ಚಳ ಕತ್ತರಿಸಬೇಕು. ನೇರ ಕತ್ತರಿಸಿದ್ರೆ ಬೆಂದ ಮೇಲೆ ಮುಚ್ಚಳ ಒಳಗೆ ಬೀಳುತ್ತೆ. ಬೀಜ, ನಾರು ತೆಗೀರಿ. ಬೀಜ ಬಿಸಾಕಬೇಡಿ, ತೊಳೆದು ಒಣಗಿಸಿ. ಒಳಮೈಗೆ ಉಪ್ಪು, ಅರಿಷಿಣ, ಎಣ್ಣೆ ಸವರಿ. ಒಂದು ಲೋಟ ನವಣೆ ಅಕ್ಕಿ ಅರ್ಧ ಬೇಯಿಸಿ. ಅರ್ಧ ಲೋಟ ಕಡ್ಲೆಬೇಳೆ ನೆನೆಸಿ, ಬೆರಳಲ್ಲಿ ಒತ್ತಿದ್ರೆ ಮುರಿಯೋ ತನಕ ಬೇರೆ ಬೇಯಿಸಿ. ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಕರಿಬೇವು ಬಾಡಿಸಿ, ಹುರಿದು ತರಿತರಿ ಕುಟ್ಟಿದ ಶೇಂಗಾ ಒಂದು ಹಿಡಿ, ಗುರೆಳ್ಳು ಪುಡಿ ಎರಡು ಚಮಚ, ಒಣಕೊಬ್ಬರಿ, ಖಾರದಪುಡಿ, ಹುಣಸೆ ರಸ, ಚೂರು ಬೆಲ್ಲ, ಉಪ್ಪು. ನವಣೆ, ಬೇಳೆ ಇದಕ್ಕೆ ಕಲಸಿ ಕಾಯಿಯ ಮುಕ್ಕಾಲು ಭಾಗಕ್ಕೆ ತುಂಬಿ. ನವಣೆ ಉಬ್ಬುತ್ತೆ, ಕತ್ತು ತನಕ ತುಂಬಿದ್ರೆ ಕಾಯಿ ಸೀಳುತ್ತೆ. ಮೇಲೆ ಅರ್ಧ ಲೋಟ ಬಿಸಿನೀರು ಸುರಿದು ಮುಚ್ಚಳ ಮುಚ್ಚಿ. ದೊಡ್ಡ ಪಾತ್ರೆಯ ತಳಕ್ಕೆ ನೀರು, ಅದರಲ್ಲೊಂದು ಸ್ಟ್ಯಾಂಡು, ಮೇಲೆ ತಟ್ಟೇಲಿ ಕಾಯಿ. ಹಬೆಯಲ್ಲಿ ಒಂದು ಗಂಟೆ ಹತ್ತಿರ, ನಡುನಡುವೆ ನೀರು ನೋಡ್ಕೊಳ್ಳಿ. ಓವನ್ ಇದ್ರೆ 180 ಡಿಗ್ರಿಯಲ್ಲಿ ಒಂದೂಕಾಲು ಗಂಟೆ. ಕಡ್ಡಿ ಚುಚ್ಚಿದ್ರೆ ಬೆಣ್ಣೇಲಿ ಇಳಿದಂಗೆ ಇಳೀಬೇಕು. ಹತ್ತು ನಿಮಿಷ ಆರಲು ಬಿಟ್ಟು, ಕೇಕ್ ಥರ ಹೋಳು ಮಾಡಿ. ಸಿಹಿ ತಿರುಳು, ಒಳಗೆ ಖಾರ ಹುಳಿ, ಪಕ್ಕಕ್ಕೆ ಗಟ್ಟಿ ಮೊಸರು.

ಆದ್ರೆ ಇದೆಲ್ಲಕ್ಕೂ ಮೊದಲು ಮುಚ್ಚಳ ಕತ್ತರಿಸಬೇಕಲ್ಲ.

ಕಾಯಿ ಇಳಿಸಿಕೊಂಡು ಬಂದು ಅಡುಗೆಮನೇಲಿ ಇಟ್ಟೆ. ಕತ್ತಿ ತೊಳೆದು ಅವ್ವನ ಮುಂದೆ ಹಿಡಿದೆ. "ಹಿಡಿಯವ್ವಾ."

"ಹುಚ್ಚನಂಗ ಮಾಡಬ್ಯಾಡ. ನೀನೇ ಒಡಿ, ಬಂದೀಯಲ್ಲ ಈಗ."

"ನಾ ಒಡಿಯಂಗಿಲ್ಲ."

"ಹಂಗಾದ್ರ ಇಡು ಅಲ್ಲೇ, ಕೊಳೀಲಿ."

ಅವ್ವಂದು ಹಠ, ನಂದು ಹಠ. ನಿಜ ಹೇಳ್ತೀನಿ, ಆ ಕ್ಷಣ ನನಗೇ ನಾಚಿಕೆ ಆಯ್ತು. ವರ್ಷಕ್ಕೆ ಎರಡು ಸಲ ಊರಿಗೆ ಬರೋ ಮಗ, ಓಣಿಯಲ್ಲಿ ದಿನಾ ಬದುಕಬೇಕಾದವಳಿಗೆ ಕ್ರಾಂತಿ ಮಾಡು ಅಂತ ಕತ್ತಿ ಹಿಡಿದು ನಿಂತಿದ್ದೀನಿ. ನಾನು ನಾಳೆ ಬಸ್ಸು ಹತ್ತೋನು, ಮಾತು ಕೇಳೋಳು ಅವಳು. ಅಕ್ಕ ಇಬ್ಬರನ್ನೂ ನೋಡಿದಳು. ಏನೂ ಮಾತಾಡದೆ ನನ್ನ ಕೈಯಿಂದ ಕತ್ತಿ ಕಿತ್ಕೊಂಡು, ಒಂಬತ್ತು ವರ್ಷದ ಮಗಳನ್ನ ಹತ್ರ ಕರೆದಳು. ಅವಳ ಕೈಗೆ ಕತ್ತಿ ಕೊಟ್ಟು, ಮೇಲಿಂದ ತನ್ನ ಕೈ ಇಟ್ಟಳು. ಇಪ್ಪತ್ತೆರಡು ವರ್ಷದ ಹಿಂದೆ ಅವ್ವ ನನ್ನ ಕೈ ಹಿಡಿದಿದ್ದಳಲ್ಲ, ಥೇಟ್ ಹಂಗೇ.

ಅವ್ವ "ಈರುಳ್ಳಿ ತರ್ತೀನಿ" ಅಂತ ಎದ್ದು ಹಿತ್ತಲಿಗೆ ಹೋದಳು. ಈರುಳ್ಳಿ ಅಡುಗೆಮನೇಲೇ ಇತ್ತು.

ಕರ್ ಅಂತ ಸದ್ದಾಯ್ತು. ಆಕಾಶ ಬೀಳಲಿಲ್ಲ. ಹುಡುಗಿ "ಮಾಮ, ಬೀಜ ಎಷ್ಟದಾವ ನೋಡು!" ಅಂತ ಕೂಗಿದಳು, ಅಷ್ಟೇ.

ಆಮೇಲೆ ನಾನು ಗೋಲಿ ಆಡೋಕೆ ಹೋಗಲಿಲ್ಲ. ಬೀಜ ತೆಗೆದದ್ದು, ಬೇಯಿಸಿದ್ದು, ಬಡಿಸಿದ್ದು, ಕೊನೆಗೆ ಬಚ್ಚಲಲ್ಲಿ ಕೂತು ಪಾತ್ರೆ ತಿಕ್ಕಿದ್ದೂ ನಾನೇ. ಹೇಳಿಕೊಳ್ಳೋಕೆ ಅಲ್ಲ, ವಾದದ ಮುಖ್ಯ ಭಾಗ ಅದು ಅಂತ ಹೇಳ್ತಿದ್ದೀನಿ. ಕತ್ತಿ ಅವರ ಕೈಗೆ ಕೊಟ್ಟು ನಾವು ಟಿವಿ ಮುಂದೆ ಹೋಗಿ ಕೂತರೆ ಅವರ ತಲೆ ಮೇಲೆ ಇನ್ನೊಂದು ಕೆಲಸ ಹೇರಿದಂಗಾಯ್ತು ಅಷ್ಟೇ, ಅದಕ್ಕೆ ಸಮಾನತೆ ಅಂತ ಹೆಸರಿಡಬೇಡಿ.

ಅವ್ವ ತಿಂದಳು. ಎರಡು ಹೋಳು ಹಾಕಿಸಿಕೊಂಡಳು. "ಉಪ್ಪು ಒಂದೀಟು ಕಮ್ಮಿ ಆಗೇತಿ" ಅಂದಳು. ಒಡೆದವರ ಬಗ್ಗೆ ಮಾತೇ ಇಲ್ಲ.

ಮೊನ್ನೆ ಭಾನುವಾರ ಫೋನ್ ಮಾಡಿದಾಗ ಏನವ್ವಾ ಅಡುಗೆ ಅಂದೆ. "ಕುಂಬಳಕಾಯಿ ಪಲ್ಯ, ರೊಟ್ಟಿ" ಅಂದಳು. ಯಾರು ಒಡೆದ್ರು ಅಂತ ಕೇಳ್ದೆ.

"ಅದೆಲ್ಲ ಯಾಕ ಬೇಕು ನಿನಗ? ಉಂಡೀ ಇಲ್ಲೋ?"

ನಾನೂ ಮತ್ತೆ ಕೇಳಲಿಲ್ಲ.

ಸ್ನೇಹಿತರೇ, ಕನ್ನಡದಲ್ಲಿ ಬರೆಯೋ ಗಂಡಸರೇ, ಮುಖ್ಯವಾಗಿ ನಿಮಗೇ ಹೇಳ್ತಿರೋದು. ಮುಂದಿನ ಸಲ ಊರಿಗೆ ಹೋದಾಗ ಮನೇಲಿ ಯಾರಾದ್ರೂ "ಬಾರಪ್ಪ, ಇದೊಂದು ಒಡೆದುಕೊಟ್ಟು ಹೋಗು" ಅಂದ್ರೆ ಎದ್ದು ಹೋಗಿ. ಕತ್ತಿ ಕೈಗೆ ತಗೊಳ್ಳಿ. ಮನೇಲಿ ಒಂದು ಹೆಣ್ಣು ಮಗು ಇದ್ರೆ ಕರೆದು ಅದರ ಕೈಗೆ ಕೊಡಿ. ಆಮೇಲೆ ಅಲ್ಲೇ ಕೂತು ಸಿಪ್ಪೆ ತೆಗೀರಿ.

ನಿಮ್ಮ ಕಡೆ ಈ ಪದ್ಧತಿ ಇದೆಯಾ? ಇದ್ರೆ ಯಾವ ಕಾರಣ ಹೇಳ್ತಾರೆ? ಬರೀರಿ. ಬಯ್ಯೋದಿದ್ರೂ ಬಯ್ಯಿರಿ, ಬೇಜಾರಿಲ್ಲ. ಮೊದಲು ನಿಮ್ಮ ಅವ್ವನ್ನ ಒಂದು ಮಾತು ಕೇಳಿ ಬಂದು ಬಯ್ಯಿರಿ :-)

ಅಂದಹಾಗೆ, ಒಣಗಿಸಿದ ಬೀಜ ಒಂದು ಪೊಟ್ಟಣ ನನ್ನ ಹತ್ರ ಇದೆ. ಬಾಲ್ಕನಿಯ ಕುಂಡದಲ್ಲಿ ನಾಲ್ಕು ಹಾಕಿದ್ದೀನಿ. ಎರಡು ಮೊಳಕೆ ಬಂದಿವೆ.